ಮಣ್ಣನ್ನು ಲೆಕ್ಕಕ್ಕೆ ತಂದ ದಾರಿ

ಮಣ್ಣಿನ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವುದೆಂದರೆ, ಕಟ್ಟಡದ ಪಾಯದ ಕೆಳಗೋ ಏರಿಯ ಒಡಲಿನಲ್ಲೋ ಸುರಂಗದ ಸುತ್ತಲೋ ಇರುವ ಮಣ್ಣು ಹೊರೆ ಬಿದ್ದಾಗ ಎಷ್ಟು ತಗ್ಗುತ್ತದೆ, ಯಾವ ಕಡೆಗೆ ಸರಿಯುತ್ತದೆ, ಯಾವ ಹಂತದಲ್ಲಿ ಕುಸಿಯುತ್ತದೆ ಎಂಬುದನ್ನು ಕೆಲಸಕ್ಕೆ ಕೈಹಾಕುವ ಮೊದಲೇ ಲೆಕ್ಕ ಹಾಕಿ ನೋಡುವುದು. ಉಕ್ಕಿನ ವಿಷಯದಲ್ಲಿ ಇಂಥ ಲೆಕ್ಕ ಹಳೆಯದು, ನಂಬಿಕೆಗೆ ತಕ್ಕದ್ದು. ಉಕ್ಕು ಗೊತ್ತಾದ ಗುಣಗಳೊಂದಿಗೆ ಕಾರ್ಖಾನೆಯಿಂದ ಬರುತ್ತದೆ. ಮಣ್ಣು ಇದ್ದಲ್ಲಿಯೇ, ಇದ್ದಂತೆಯೇ ಸಿಗುತ್ತದೆ. ಅದರಲ್ಲಿ ಕಣಗಳಿವೆ, ಕಣಗಳ ನಡುವೆ ನೀರಿದೆ, ಎಷ್ಟೋ ಕಡೆ ಗಾಳಿಯೂ ಇದೆ. ಮೇಲೆ ಬಿದ್ದ ಹೊರೆಯನ್ನು ಮೊದಲು ನೀರು ಹೊರುತ್ತದೆ. ನೀರು ಮೆಲ್ಲಗೆ ಹೊರಗೆ ಹರಿದಂತೆಲ್ಲ ಹೊರೆ ಕಣಗಳ ಮೇಲೆ ಇಳಿಯುತ್ತದೆ. ಮರಳಿನಲ್ಲಿ ಇದು ಬೇಗನೆ ಮುಗಿದರೆ ಜೇಡಿಮಣ್ಣಿನಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಸಾಲದ್ದಕ್ಕೆ ಮಣ್ಣಿಗೆ ನೆನಪೂ ಇದೆ. ಹಿಮಯುಗದ ಮಂಜುಗಡ್ಡೆಯ ಭಾರವನ್ನು ಹೊತ್ತಿದ್ದ ಜೇಡಿಮಣ್ಣು, ಆ ಮಂಜು ಕರಗಿ ಸಾವಿರಾರು ವರ್ಷ ಕಳೆದರೂ, ಅಂಥ ಭಾರ ಕಾಣದ ಮಣ್ಣಿಗಿಂತ ಗಟ್ಟಿಯಾಗಿಯೇ ಉಳಿದಿರುತ್ತದೆ. ಕಳೆದ ಅರವತ್ತು-ಎಪ್ಪತ್ತು ವರ್ಷಗಳಲ್ಲಿ ಎಂಜಿನಿಯರುಗಳು ಕಂಪ್ಯೂಟರಿಗೆ ಕಲಿಸಲು ಹೆಣಗಿದ್ದು ಮುಖ್ಯವಾಗಿ ಈ ಎರಡು ಸಂಗತಿಗಳನ್ನು: ನೀರಿನ ಪಾಲು, ಮಣ್ಣಿನ ನೆನಪು. ಯಂತ್ರದ ವೇಗ ಹೆಚ್ಚುತ್ತ ಹೋದದ್ದು ಅದರ ಪಕ್ಕದಲ್ಲಿ ಸಣ್ಣ ಕಥೆ.

ನೀರಿನ ಪಾಲನ್ನು ಮೊದಲು ಸಮೀಕರಣಕ್ಕೆ ಇಳಿಸಿದವರು ಕಾರ್ಲ್ ಟೆರ್ಜಾಗಿ. ಇಸ್ತಾಂಬುಲ್‌ನಲ್ಲಿ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಕೈಗೆ ಸಿಕ್ಕ ಸಾಮಾನುಗಳಿಂದಲೇ ಉಪಕರಣ ಮಾಡಿಕೊಂಡು ಅವರು ಜೇಡಿಮಣ್ಣನ್ನು ಒತ್ತಿ ನೋಡಿದರು. ಮಣ್ಣು ನಿಧಾನವಾಗಿ ಹಿಂಡಿಕೊಂಡು ತಗ್ಗುವ ಕ್ರಿಯೆಗೆ, ಅಂದರೆ ಕನ್ಸಾಲಿಡೇಶನ್‌ಗೆ, ಸೂತ್ರ ಬಂದದ್ದು 1923ರಲ್ಲಿ. ಈ ಶಾಸ್ತ್ರಕ್ಕೆ ಅಡಿಗಲ್ಲಾದ ಅವರ ಜರ್ಮನ್ ಪುಸ್ತಕ ಹೊರಬಂದದ್ದು 1925ರಲ್ಲಿ. ಮಣ್ಣಿನ ಬಲವೂ ಕುಗ್ಗುವಿಕೆಯೂ ಒಟ್ಟು ಒತ್ತಡವನ್ನು ಅವಲಂಬಿಸಿಲ್ಲ, ಒಟ್ಟು ಒತ್ತಡದಲ್ಲಿ ನೀರಿನ ಒತ್ತಡವನ್ನು ಕಳೆದು ಉಳಿದದ್ದನ್ನು ಅವಲಂಬಿಸಿವೆ ಎಂಬ ಅವರ ಮಾತು ಇಂದಿಗೂ ಪ್ರತಿಯೊಂದು ಸಾಫ್ಟ್‌ವೇರಿನ ಒಳಗೂ ಕೂತಿದೆ. ಇಷ್ಟು ಚಿಕ್ಕ ವಾಕ್ಯ ಇಷ್ಟು ದೊಡ್ಡ ಶಾಸ್ತ್ರವನ್ನು ಹೊತ್ತು ನಿಂತದ್ದು ಎಂಜಿನಿಯರಿಂಗ್‌ನಲ್ಲಿ ಅಪರೂಪ.

ಇಳಿಜಾರು ಜಾರುವ ಲೆಕ್ಕ ಸ್ವೀಡನ್ನಿನಿಂದ ಬಂತು. 1916ರಲ್ಲಿ ಗೋಥೆನ್‌ಬರ್ಗ್ ಬಂದರಿನ ಕಟ್ಟೆಯೊಂದು ಜಾರಿದ ಮೇಲೆ, ಮಣ್ಣು ಸುಮಾರಾಗಿ ವೃತ್ತದ ಕಮಾನಿನಂತೆ ಜಾರುತ್ತದೆಂದು ಅಲ್ಲಿನ ಎಂಜಿನಿಯರುಗಳು ಕಂಡುಕೊಂಡರು. ಜಾರುವ ತುಂಡನ್ನು ಲಂಬವಾದ ಹೋಳುಗಳಾಗಿ ಸೀಳಿ, ಒಂದೊಂದು ಹೋಳಿನ ತೂಕವನ್ನೂ ಅದನ್ನು ತಡೆಯುವ ಬಲವನ್ನೂ ಕೂಡಿ ನೋಡುವ ಕ್ರಮ ಬಳಕೆಗೆ ಬಂತು. 1955ರಲ್ಲಿ ಲಂಡನ್ನಿನ ಅಲನ್ ಬಿಷಪ್ ಅದನ್ನು ತಿದ್ದಿ ಹೆಚ್ಚು ನಿಖರಗೊಳಿಸಿದರು. ಆದರೆ ಬಿಷಪ್ಪರ ಸೂತ್ರದಲ್ಲಿ ಉತ್ತರವು ಸಮೀಕರಣದ ಎರಡೂ ಬದಿಗೆ ಇರುತ್ತದೆ. ಒಂದು ಊಹೆಯಿಂದ ಹೊರಟು ಮತ್ತೆ ಮತ್ತೆ ತಿದ್ದಬೇಕು. ಅಪಾಯಕಾರಿ ವೃತ್ತ ಯಾವುದೆಂದು ಮೊದಲೇ ತಿಳಿಯುವಂತೆಯೂ ಇರಲಿಲ್ಲ. ಸ್ಲೈಡ್ ರೂಲ್ ಹಿಡಿದ ಎಂಜಿನಿಯರು ಡ್ರಾಯಿಂಗ್ ಹಾಳೆಯ ಮೇಲೆ ಒಂದಾದ ಮೇಲೊಂದು ವೃತ್ತ ಎಳೆದು, ಪ್ರತಿಯೊಂದಕ್ಕೂ ಪಟ್ಟಿ ತುಂಬುತ್ತ ಕೂರಬೇಕಿತ್ತು. ಬೇಸರದ ದುಡಿಮೆ ಅದು. ಆದರೂ ಆ ಕಾಲದವರಿಗೆ ಒಂದು ಲಾಭವಿತ್ತು: ಪ್ರತಿ ಹೋಳಿನ ಅಂಕಿ ಕೈಯಲ್ಲೇ ಹಾದುಹೋಗುತ್ತಿದ್ದರಿಂದ ಯಾವ ಪದರ ಇಳಿಜಾರನ್ನು ಹಿಡಿದು ನಿಲ್ಲಿಸಿದೆ, ಯಾವುದು ಕೈಬಿಡುತ್ತಿದೆ ಎಂಬುದು ಲೆಕ್ಕ ಮುಗಿಯುವ ಮೊದಲೇ ಮನಸ್ಸಿಗೆ ಬಂದಿರುತ್ತಿತ್ತು.

ಈ ದುಡಿಮೆಯನ್ನು ಎಲೆಕ್ಟ್ರಾನಿಕ್ ಯಂತ್ರಕ್ಕೆ ಒಪ್ಪಿಸಿದ ಮೊದಲ ಪ್ರಬಂಧಗಳಲ್ಲೊಂದು 1958ರಲ್ಲಿ ಬ್ರಿಟನ್ನಿನ ‘ಜಿಯೊಟೆಕ್ನಿಕ್’ ಪತ್ರಿಕೆಯಲ್ಲಿ ಬಂತು. ಲಿಟಲ್ ಮತ್ತು ಪ್ರೈಸ್ ಬರೆದ ಆ ಕ್ರಮ ಬಿಷಪ್ಪರ ಲೆಕ್ಕವನ್ನೇ ಯಂತ್ರದಿಂದ ಮಾಡಿಸಿತು. ಹಳೆಯ ಲೆಕ್ಕ ಬೇಗ ಮುಗಿಯಿತು, ಅಷ್ಟೆ. ಹೊಸ ಬಗೆಯ ಪ್ರಶ್ನೆ ಕೇಳುವುದು ಸಾಧ್ಯವಾದದ್ದು ಫೈನೈಟ್ ಎಲಿಮೆಂಟ್ ವಿಧಾನ ಬಂದ ಮೇಲೆ. ವಸ್ತುವನ್ನು ಸಣ್ಣ ತ್ರಿಕೋನ, ಚತುಷ್ಕೋನಗಳ ಬಲೆಯಾಗಿ ಒಡೆದು, ಪ್ರತಿ ತುಂಡಿನ ಬಿಗಿತವನ್ನು ಸೇರಿಸಿ ಇಡೀ ವಸ್ತುವಿನ ಸಮೀಕರಣ ಕಟ್ಟುವ ಈ ವಿಧಾನಕ್ಕೆ ಆ ಹೆಸರು ಕೊಟ್ಟವರು ಬರ್ಕ್ಲಿಯ ರೇ ಕ್ಲಫ್, 1960ರಲ್ಲಿ. ವಿಮಾನದ ರೆಕ್ಕೆಗಾಗಿ ಹುಟ್ಟಿದ ವಿಚಾರ, ಹೆಸರು ಪಡೆದ ಏಳೇ ವರ್ಷದಲ್ಲಿ, ಮಣ್ಣಿನ ಅಣೆಕಟ್ಟೆಗೆ ಬಂದು ಮುಟ್ಟಿತು.

1967ರಲ್ಲಿ ಕ್ಲಫ್ ಮತ್ತು ವುಡ್‌ವರ್ಡ್ ಬರೆದ ಪ್ರಬಂಧದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅವರು ಏರಿಯ ಲೆಕ್ಕವನ್ನು ಎರಡು ರೀತಿಯಲ್ಲಿ ಮಾಡಿದರು. ಮೊದಲನೆಯದರಲ್ಲಿ ಇಡೀ ಏರಿ ಒಮ್ಮೆಗೇ ಹುಟ್ಟಿ ನಿಂತಂತೆ ಭಾವಿಸಿ ಅದರ ಮೇಲೆ ಗುರುತ್ವವನ್ನು ಹಚ್ಚಿದರು. ಎರಡನೆಯದರಲ್ಲಿ ನಿಜವಾದ ಕೆಲಸದಲ್ಲಿ ನಡೆಯುವಂತೆ ಪದರದ ಮೇಲೆ ಪದರ ಹಾಕುತ್ತ ಹೋದರು. ಒತ್ತಡಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ತಗ್ಗುವಿಕೆಯ ಚಿತ್ರ ಮಾತ್ರ ಪೂರ್ತಿ ಬೇರೆಯಾಯಿತು: ಒಮ್ಮೆಗೇ ಕಟ್ಟಿದ ಲೆಕ್ಕದಲ್ಲಿ ಅತಿ ಹೆಚ್ಚು ತಗ್ಗಿದ್ದು ಏರಿಯ ನೆತ್ತಿ, ಪದರಗಳಲ್ಲಿ ಕಟ್ಟಿದ ಲೆಕ್ಕದಲ್ಲಿ ನಡು ಎತ್ತರದ ಸುತ್ತಮುತ್ತಲಿನ ಮಣ್ಣು. ಕಾರಣ ಸರಳ. ಕೊನೆಯ ಪದರ ಬೀಳುವ ಹೊತ್ತಿಗೆ ಕೆಳಗಿನದೆಲ್ಲ ಆಗಲೇ ತಗ್ಗಿ ಮುಗಿದಿರುತ್ತದೆ, ನೆತ್ತಿಯ ಮೇಲೆ ಹೊರೆಯೇ ಇರುವುದಿಲ್ಲ. ಕೆರೆ ಏರಿ ಕಟ್ಟಿದ ಯಾವ ಮೇಸ್ತ್ರಿಗೂ ಇದು ಹೊಸ ಸಂಗತಿಯಲ್ಲ. ಆದರೆ ಕಟ್ಟುವ ಕ್ರಮವೇ ಲೆಕ್ಕದ ಭಾಗ ಎಂಬುದು ಸಂಖ್ಯೆಗಳಲ್ಲಿ ಸಾಬೀತಾದದ್ದು ಆಗ. ಅಗೆತದ ಹಂತ, ತೊಲೆ ಹಾಕುವ ಹಂತ, ನೀರು ಇಳಿಸುವ ಹಂತ ಎಂದು ಇಂದಿನ ಸಾಫ್ಟ್‌ವೇರುಗಳಲ್ಲಿ ಕಾಣುವ ಹಂತಗಳ ಸಾಲು ಅಲ್ಲಿಂದ ಬೆಳೆದದ್ದು.

ಆ ಕಾಲದ ಕಂಪ್ಯೂಟರು ಮೇಜಿನ ವಸ್ತುವಲ್ಲ, ಒಂದು ಕಟ್ಟಡದ ವಸ್ತು. ಭಾರತದಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂದದ್ದು 1963ರಲ್ಲಿ. ಬಲೆಯ ಪ್ರತಿ ಬಿಂದುವಿನ ಸಂಖ್ಯೆಯನ್ನೂ ಕಾರ್ಡುಗಳ ಮೇಲೆ ತೂತು ಹೊಡೆದು, ಕಟ್ಟನ್ನು ಕಿಟಕಿಯಲ್ಲಿ ಕೊಟ್ಟು, ಉತ್ತರಕ್ಕೆ ಕಾಯಬೇಕಿತ್ತು. ಒಂದು ಕಾರ್ಡು ತಪ್ಪಿದರೆ ಮೊದಲಿನಿಂದ. ಹೀಗಾಗಿ ಬಲೆ ಹಾಕುವ ಮೊದಲು ಕೈಲೆಕ್ಕ ಮಾಡಿ ಉತ್ತರದ ಅಂದಾಜು ಇಟ್ಟುಕೊಳ್ಳುವುದು ಆ ಪೀಳಿಗೆಯ ಅಭ್ಯಾಸವಾಗಿತ್ತು. ಬಂದ ಉತ್ತರವನ್ನು ಅದರೊಂದಿಗೆ ಹೋಲಿಸದೆ ಯಾರೂ ಮುಂದೆ ಹೋಗುತ್ತಿರಲಿಲ್ಲ.

ಬಲೆ ಸಿಕ್ಕಿತು, ಬಲೆಯ ಪ್ರತಿ ತುಂಡೂ ಹೇಗೆ ವರ್ತಿಸಬೇಕೆಂಬ ನಿಯಮ ಇನ್ನೂ ಬೇಕಿತ್ತು. ಮಣ್ಣನ್ನು ಸ್ಪ್ರಿಂಗಿನಂತೆ ನೇರ ಅನುಪಾತದಲ್ಲಿ ಬಗ್ಗುವ ವಸ್ತುವೆಂದುಕೊಂಡರೆ ಲೆಕ್ಕ ಸುಲಭ, ಉತ್ತರ ಸುಳ್ಳು. ಇಲ್ಲಿ ಎರಡು ದಾರಿಗಳು ಹೊರಟವು. ಅಮೆರಿಕದಲ್ಲಿ ಡಂಕನ್ ಮತ್ತು ಚಾಂಗ್ 1970ರಲ್ಲಿ ಕೆಲಸಗಾರರ ದಾರಿ ಹಿಡಿದರು. ಪ್ರಯೋಗಾಲಯದ ಟ್ರಯಾಕ್ಸಿಯಲ್ ಪರೀಕ್ಷೆಯಲ್ಲಿ ಸಿಗುವ ರೇಖೆ ಹೈಪರ್ಬೊಲಾದಂತೆ ಬಾಗುತ್ತದೆ; ಆ ರೇಖೆಯನ್ನೇ ಸೂತ್ರವಾಗಿಸಿ ಹಂತಹಂತವಾಗಿ ಬಿಗಿತವನ್ನು ಕಡಿಮೆ ಮಾಡುತ್ತ ಹೋಗುವುದು ಅವರ ಉಪಾಯ. ಬೇಕಾದ ಅಂಕಿಗಳನ್ನು ಸಾಮಾನ್ಯ ಪ್ರಯೋಗಾಲಯವೂ ಕೊಡಬಲ್ಲದು. ಅಣೆಕಟ್ಟೆಗಳ ಲೆಕ್ಕದಲ್ಲಿ ಈ ಮಾದರಿ ದಶಕಗಳ ಕಾಲ ದುಡಿಯಿತು. ಕುಸಿತದ ಹತ್ತಿರ ಬಂದಾಗ, ಅಥವಾ ಸರಿಯುತ್ತಿರುವ ಮಣ್ಣಿನ ಗಾತ್ರವೇ ಬದಲಾಗುವಾಗ, ಅದಕ್ಕೆ ಹೇಳಲು ಏನೂ ಉಳಿಯುವುದಿಲ್ಲ.

ಕೇಂಬ್ರಿಜ್‌ನವರ ದಾರಿ ಇದಕ್ಕಿಂತ ಆಳವಾದದ್ದು. ಕೆನೆತ್ ರಾಸ್ಕೊ, ಆಂಡ್ರೂ ಸ್ಕೋಫೀಲ್ಡ್, ಪೀಟರ್ ರಾತ್ 1958ರಲ್ಲಿ ಒಂದು ಮಾತನ್ನು ಪ್ರಯೋಗಗಳಿಂದ ಮುಂದಿಟ್ಟರು: ಯಾವ ಮಣ್ಣನ್ನಾದರೂ ಸರಿಸುತ್ತ ಹೋದರೆ ಕೊನೆಗೆ ಅದು ಗಾತ್ರವಾಗಲಿ ಒತ್ತಡವಾಗಲಿ ಬದಲಾಗದೆ ಹರಿಯುವ ಒಂದು ಸ್ಥಿತಿಗೆ ಬಂದು ನಿಲ್ಲುತ್ತದೆ. ಸಡಿಲ ಮಣ್ಣು ಕುಗ್ಗುತ್ತ ಅಲ್ಲಿಗೆ ಬರುತ್ತದೆ, ಬಿಗಿ ಮಣ್ಣು ಹಿಗ್ಗುತ್ತ ಬರುತ್ತದೆ. ಈ ಕ್ರಿಟಿಕಲ್ ಸ್ಥಿತಿಯ ಸುತ್ತ 1963ರ ಹೊತ್ತಿಗೆ ಅವರು ಕಟ್ಟಿದ ಮಾದರಿಗೆ ಊರಿನ ಕ್ಯಾಮ್ ನದಿಯಿಂದ ‘ಕ್ಯಾಮ್ ಕ್ಲೇ’ ಎಂದು ಹೆಸರಾಯಿತು. 1968ರಲ್ಲಿ ರಾಸ್ಕೊ ಮತ್ತು ಜಾನ್ ಬರ್ಲಂಡ್ ಅದನ್ನು ತಿದ್ದಿದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಆ ತಿದ್ದಿದ ರೂಪ. ಅದರ ಸೊಗಸು ಇರುವುದು ಕಡಿಮೆ ಅಂಕಿಗಳಲ್ಲಿ. ಒತ್ತಿದಾಗ ಮಣ್ಣು ಕುಗ್ಗುವ ದರ, ಹೊರೆ ತೆಗೆದಾಗ ಹಿಗ್ಗುವ ದರ, ಕ್ರಿಟಿಕಲ್ ಸ್ಥಿತಿಯಲ್ಲಿನ ಘರ್ಷಣೆ, ಆ ಸ್ಥಿತಿಯ ಗೆರೆ ಎಲ್ಲಿದೆ ಎಂಬುದು, ಮತ್ತೊಂದು ಬಿಗಿತದ ಅಂಕಿ. ಇವುಗಳೊಂದಿಗೆ ಮಣ್ಣು ಹಿಂದೆ ಹೊತ್ತ ಅತಿ ಹೆಚ್ಚಿನ ಒತ್ತಡ ಗೊತ್ತಾದರೆ ಸಾಕು: ಅದು ಒಂದು ದೀರ್ಘವೃತ್ತದ ಗಾತ್ರವಾಗಿ ಮಾದರಿಯೊಳಗೆ ಬಂದು ಕೂರುತ್ತದೆ. ವೃತ್ತದೊಳಗೆ ಮಣ್ಣು ಮರಳಿ ಬರಬಲ್ಲದು. ಅದರ ಅಂಚನ್ನು ಮುಟ್ಟಿದರೆ ಶಾಶ್ವತವಾಗಿ ಬದಲಾಗುತ್ತದೆ, ವೃತ್ತವೂ ಅದರೊಂದಿಗೆ ಬೆಳೆಯುತ್ತದೆ ಅಥವಾ ಕುಗ್ಗುತ್ತದೆ. ಮಣ್ಣಿನ ನೆನಪಿಗೆ ಇಷ್ಟು ಸರಳವಾದ ರೂಪ ಮೊದಲು ಯಾರೂ ಕೊಟ್ಟಿರಲಿಲ್ಲ. ತಗ್ಗುವಿಕೆಗೆ ಒಂದು ಶಾಸ್ತ್ರ, ಕುಸಿತಕ್ಕೆ ಇನ್ನೊಂದು ಎಂದು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಎರಡೂ ಒಂದೇ ಚಿತ್ರದಲ್ಲಿ ಕಂಡದ್ದು ಆಗ.

ಮಾದರಿ ಇದ್ದರೆ ಅದು ನಿಜ ಹೇಳುತ್ತದೆಯೇ ಎಂದು ನೋಡಬೇಕಲ್ಲ. ಎಂಐಟಿಯ ವಿಲಿಯಂ ಲ್ಯಾಂಬ್ 1973ರ ರ‍್ಯಾಂಕಿನ್ ಉಪನ್ಯಾಸದಲ್ಲಿ ಮುನ್ನೆಣಿಕೆಗಳನ್ನು ಮೂರು ವರ್ಗ ಮಾಡಿದರು: ಘಟನೆಗೆ ಮೊದಲು ಮಾಡಿದ್ದು ‘ಎ’, ನಡೆಯುತ್ತಿರುವಾಗ ಮಾಡಿದ್ದು ‘ಬಿ’, ಮುಗಿದ ಮೇಲೆ ಮಾಡಿದ್ದು ‘ಸಿ’. ಉತ್ತರ ಕೈಯಲ್ಲಿರುವಾಗ ಅಂಕಿಗಳನ್ನು ಹೊಂದಿಸುವುದು ಕಷ್ಟವಲ್ಲ. ಮಾದರಿಯ ಬೆಲೆ ತಿಳಿಯುವುದು ಎ ವರ್ಗದಲ್ಲಿ. ಮರುವರ್ಷ, 1974ರಲ್ಲಿ, ಬಾಸ್ಟನ್ ಹತ್ತಿರದ ಸಾಗಸ್‌ನಲ್ಲಿ ಹೆದ್ದಾರಿಗೆಂದು ಕಟ್ಟಿ ಕೈಬಿಟ್ಟಿದ್ದ ಒಂದು ಏರಿಯ ಮೇಲೆ ಮಣ್ಣು ಸುರಿಯುತ್ತ ಅದನ್ನು ಬೇಕೆಂದೇ ಕುಸಿಯುವವರೆಗೆ ಒಯ್ದರು. ಎಷ್ಟು ಎತ್ತರಕ್ಕೆ ಕುಸಿಯುತ್ತದೆ, ಕೆಳಗಿನ ನೀಲಿ ಜೇಡಿಮಣ್ಣು ಎಷ್ಟು ಸರಿಯುತ್ತದೆ ಎಂದು ಪರಿಣತರು ಮೊದಲೇ ಬರೆದು ಕೊಟ್ಟಿದ್ದರು. ಮಣ್ಣಿನ ಮಾಹಿತಿ ಎಲ್ಲರಿಗೂ ಒಂದೇ, ಉತ್ತರಗಳು ಮಾತ್ರ ಬಹಳ ಚದುರಿದ್ದವು. ಮಲೇಷ್ಯಾದ ಮುವಾರ್‌ನಲ್ಲಿ ಹೆದ್ದಾರಿ ಪ್ರಾಧಿಕಾರ ಇಂಥದ್ದೇ ಪರೀಕ್ಷೆ ನಡೆಸಿ 1989ರಲ್ಲಿ ಅದರ ಚರ್ಚೆಗೆ ತಜ್ಞರನ್ನು ಕರೆದಾಗಲೂ ಹಾಗೆಯೇ. ಅಲ್ಲಿ ಏರಿ 5.4 ಮೀಟರಿಗೆ ಕುಸಿದಿತ್ತು. ವ್ಯತ್ಯಾಸ ಹುಟ್ಟಿದ್ದು ಹೆಚ್ಚಾಗಿ ಯಾವ ಪದರಕ್ಕೆ ಯಾವ ಬಲ ಕೊಡಬೇಕು ಎಂಬ ನಿರ್ಣಯದಲ್ಲಿ. ಆ ನಿರ್ಣಯ ಮನುಷ್ಯನದು, ಇಂದಿಗೂ.

1980ರ ದಶಕದಲ್ಲಿ ಮಾದರಿಗಳು ವಿಶ್ವವಿದ್ಯಾಲಯ ಬಿಟ್ಟು ವಿನ್ಯಾಸದ ಕಚೇರಿಗೆ ಬಂದವು. ಮಿನಿಯಾಪೊಲಿಸ್‌ನ ಇಟಾಸ್ಕಾ ಕಂಪನಿ 1986ರಲ್ಲಿ ಫ್ಲ್ಯಾಕ್ ಎಂಬ ಸಾಫ್ಟ್‌ವೇರ್ ತಂದಿತು. ಹಾಲೆಂಡಿನ ತಗ್ಗು ನೆಲದ ಮೆತ್ತನೆಯ ಮಣ್ಣಿನ ಮೇಲೆ ನದಿಯ ಒಡ್ಡುಗಳನ್ನು ಲೆಕ್ಕ ಹಾಕಲೆಂದು 1987ರಲ್ಲಿ ಡೆಲ್ಫ್ಟ್‌ನಲ್ಲಿ ಪ್ಲ್ಯಾಕ್ಸಿಸ್ ಎಂಬ ಸಾಫ್ಟ್‌ವೇರ್ ಶುರುವಾಯಿತು. 1998ರಲ್ಲಿ ಅದರ ವಿಂಡೋಸ್ ಆವೃತ್ತಿ ಬಂದ ಮೇಲೆ ಬಲೆ ತಾನಾಗಿ ಬೀಳತೊಡಗಿತು, ಪರದೆಯ ಮೇಲೆ ಬಣ್ಣದ ಚಿತ್ರಗಳು ಬಂದವು. ಇದೊಂದು ದೊಡ್ಡ ಉಪಕಾರ, ಅದರಲ್ಲಿ ಅನುಮಾನವಿಲ್ಲ. ಆದರೆ ಮಣ್ಣು ಪರೀಕ್ಷಿಸುವವರೂ ಲೆಕ್ಕ ಓಡಿಸುವವರೂ ಬೇರೆ ಬೇರೆ ಜನರಾಗುತ್ತ ಹೋದದ್ದು ಈ ಕಾಲದಲ್ಲಿಯೇ. ಅದರ ಬೆಲೆ ಎಷ್ಟೆಂದು ಸಿಂಗಪುರದಲ್ಲಿ ಗೊತ್ತಾಯಿತು.

2004ರ ಏಪ್ರಿಲ್ 20ರ ಮಧ್ಯಾಹ್ನ ಸಿಂಗಪುರದ ನಿಕೋಲ್ ಹೆದ್ದಾರಿಯ ಪಕ್ಕದಲ್ಲಿ ಮೆಟ್ರೋದ ಸರ್ಕಲ್ ಲೈನಿಗಾಗಿ ಅಗೆಯುತ್ತಿದ್ದ ಹಳ್ಳ ಕುಸಿಯಿತು. ನಾಲ್ವರು ಸತ್ತರು, ಹೆದ್ದಾರಿಯ ಒಂದು ಭಾಗ ಒಳಗೆ ಬಿತ್ತು. ಹಳ್ಳ ಆಗ ಸುಮಾರು 30 ಮೀಟರ್ ಆಳವಿತ್ತು. ಎರಡೂ ಬದಿಗೆ 0.8 ಮೀಟರ್ ದಪ್ಪದ ಡಯಾಫ್ರಾಮ್ ಗೋಡೆ. ಗೋಡೆಗಳು ಒಳಕ್ಕೆ ಬಾಗದಂತೆ ಅಡ್ಡಕ್ಕೆ ಒಂಬತ್ತು ಹಂತದ ಉಕ್ಕಿನ ತೊಲೆಗಳು ಕೂತಿದ್ದವು, ಹತ್ತನೆಯದಕ್ಕೆ ಅಗೆತ ನಡೆದಿತ್ತು. ಸುತ್ತ ಇದ್ದದ್ದು ಸಮುದ್ರ ತುಂಬಿಸಿ ಮಾಡಿದ ನೆಲ, ಅದರ ಕೆಳಗೆ ಬಲು ಆಳದವರೆಗೆ ಮೆತ್ತನೆಯ ಕಡಲ ಜೇಡಿ.

ತನಿಖಾ ಸಮಿತಿಯ ವರದಿ 2005ರಲ್ಲಿ ಬಂತು. ಎರಡು ತಪ್ಪುಗಳು ಒಂದರ ಮೇಲೊಂದು ಬಂದು ಸೇರಿದ್ದವು ಎಂದು ಅದು ಕಂಡಿತು. ತೊಲೆಗಳು ಗೋಡೆಯ ಪಟ್ಟಿಗೆ ಕೂಡುವ ಜಾಗದ ಬಲವನ್ನು ಬೇಕಾದದ್ದರ ಅರ್ಧದಷ್ಟಕ್ಕೆ ವಿನ್ಯಾಸ ಮಾಡಿದ್ದರು. ಇದು ಉಕ್ಕಿನ ಲೆಕ್ಕದ ತಪ್ಪು. ಮಣ್ಣಿನ ತಪ್ಪು ಕಂಪ್ಯೂಟರಿನೊಳಗಿತ್ತು. ಮೆತ್ತನೆಯ ಜೇಡಿಮಣ್ಣನ್ನು ನೀರು ಹೊರಹೋಗಲು ಬಿಡುವು ಕೊಡದೆ ಸರಿಸಿದರೆ ಅದರ ಕಣಗಳ ಚೌಕಟ್ಟು ಕುಗ್ಗಲು ನೋಡುತ್ತದೆ. ನೀರು ಕುಗ್ಗುವುದಿಲ್ಲ, ಹೀಗಾಗಿ ಅದರ ಒತ್ತಡ ಏರುತ್ತದೆ. ಕಣಗಳ ನಡುವಿನ ಒತ್ತಡ ಅಷ್ಟರಮಟ್ಟಿಗೆ ಇಳಿಯುತ್ತದೆ, ಅದರೊಂದಿಗೆ ಬಲವೂ. ವಿನ್ಯಾಸಕ್ಕೆ ಬಳಸಿದ್ದು ಹಳೆಯ, ಸರಳವಾದ ಮೊರ್-ಕೂಲಂಬ್ ನಿಯಮ. ಸರಿಸಿದಾಗ ಕುಗ್ಗುವ ಗುಣ ಆ ನಿಯಮದಲ್ಲಿ ಇಲ್ಲವೇ ಇಲ್ಲ. ಸಿಂಗಪುರದ ಎಂಜಿನಿಯರುಗಳು ‘ಮೆಥಡ್ ಎ’ ಎಂದು ಕರೆಯುವ ಕ್ರಮದಲ್ಲಿ, ಕಣಗಳ ಘರ್ಷಣೆಯ ಅಂಕಿಯನ್ನು ಕೊಟ್ಟು ಉಳಿದದ್ದನ್ನು ಲೆಕ್ಕಕ್ಕೆ ಬಿಟ್ಟಾಗ, ಯಂತ್ರ ಜೇಡಿಮಣ್ಣಿಗೆ ಅದು ಎಂದೂ ಮುಟ್ಟದ ಬಲವನ್ನು ಕೊಟ್ಟಿತು. ಗೋಡೆ ಬಾಗುವ ಪ್ರಮಾಣವೂ ಗೋಡೆಯೊಳಗಿನ ಬಾಗುಬಲವೂ ನಿಜಕ್ಕಿಂತ ಸುಮಾರು ಅರ್ಧದಷ್ಟಾಗಿ ಬಂದವು. ಅದೇ ಸಾಫ್ಟ್‌ವೇರಿನಲ್ಲಿ ಪರೀಕ್ಷೆಯಿಂದ ಅಳೆದ ಬಲವನ್ನು ನೇರವಾಗಿ ತುಂಬುವ ಇನ್ನೊಂದು ಕ್ರಮವಿತ್ತು. ಕ್ಯಾಮ್ ಕ್ಲೇ ವಂಶದ ಮಾದರಿಗಳಿದ್ದವು. ಕೇಂಬ್ರಿಜ್ ಪಾಠ ಅಚ್ಚಾಗಿ ನಾಲ್ಕು ದಶಕಗಳೇ ಕಳೆದಿದ್ದವು.

ವರದಿಯಲ್ಲಿ ಇದಕ್ಕಿಂತ ಹೆಚ್ಚು ಕಾಡುವುದು ಮುಂದಿನ ಭಾಗ. ಗೋಡೆಯೊಳಗೆ ಇಟ್ಟ ಅಳತೆಯ ಉಪಕರಣಗಳು ಲೆಕ್ಕಕ್ಕಿಂತ ಹೆಚ್ಚು ಬಾಗುತ್ತಿರುವುದನ್ನು ತಿಂಗಳುಗಳ ಮುಂಚೆಯೇ ತೋರಿಸುತ್ತಿದ್ದವು. ಕೊನೆಯ ದಿನ ಅದು 400 ಮಿಲಿಮೀಟರ್ ಮೀರಿತ್ತು. ಪ್ರತಿ ಸಲ ಮಿತಿ ಮೀರಿದಾಗಲೂ ಮಾದರಿಯ ಅಂಕಿಗಳನ್ನು ಅಳತೆಗೆ ಹೊಂದುವಂತೆ ತಿದ್ದಿ, ಹೊಸದಾಗಿ ಬಂದ ಉತ್ತರವನ್ನೇ ಹೊಸ ಮಿತಿಯಾಗಿ ಇಟ್ಟುಕೊಂಡು ಅಗೆತ ಮುಂದುವರಿಸಿದರು. ಲ್ಯಾಂಬ್ ಹೇಳಿದ ಸಿ ವರ್ಗದ ಎಣಿಕೆ ಇಲ್ಲಿ ಎಚ್ಚರಿಕೆಯ ಗಂಟೆಯನ್ನು ಸುಮ್ಮನಾಗಿಸುವ ಸಾಧನವಾಯಿತು. ಅಳತೆ ಮಾದರಿಯನ್ನು ಮೀರಿದಾಗ ಅನುಮಾನ ಬೀಳಬೇಕಾದದ್ದು ಮಾದರಿಯ ಮೇಲೆ, ಅದರ ಅಂಕಿಗಳ ಮೇಲೆ ಮಾತ್ರ ಸಾಲದು. ಅಲ್ಲಿನ ಮೆಟ್ರೋ ನಿಲ್ದಾಣವನ್ನು ಬೇರೆ ಜಾಗದಲ್ಲಿ ಕಟ್ಟಿ 2010ರ ಏಪ್ರಿಲ್‌ನಲ್ಲಿ ತೆರೆದರು. ಅಂದಿನಿಂದ ಆಳದ ಅಗೆತದ ಪಾಠ ಹೇಳುವ ಕಡೆಯಲ್ಲೆಲ್ಲ ಈ ಪ್ರಕರಣ ಬರುತ್ತದೆ.

ಗಟ್ಟಿ ಮಣ್ಣಿನಲ್ಲಿ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು. ಲಂಡನ್ನಿನ ಜೇಡಿಮಣ್ಣಿನಲ್ಲಿ ಪ್ರಯೋಗಾಲಯದ ಅಂಕಿ ಹಿಡಿದು ಲೆಕ್ಕ ಹಾಕಿದಾಗ ನೆಲ ಸರಿದದ್ದು ಲೆಕ್ಕಕ್ಕಿಂತ ಎಷ್ಟೋ ಕಡಿಮೆ. ಸರಿತ ಬಹಳ ಚಿಕ್ಕದಿದ್ದಾಗ ಮಣ್ಣು ಬಹಳ ಬಿಗಿ, ಸರಿದಂತೆಲ್ಲ ಆ ಬಿಗಿತ ವೇಗವಾಗಿ ಇಳಿಯುತ್ತದೆ. ಹಳೆಯ ಉಪಕರಣಗಳಿಗೆ ಆ ಮೊದಲ ಭಾಗ ಕಾಣುತ್ತಲೇ ಇರಲಿಲ್ಲ. ಜಾರ್ಡಿನ್, ಪಾಟ್ಸ್, ಫ್ಯೂರಿ, ಬರ್ಲಂಡ್ 1986ರಲ್ಲಿ ಇದನ್ನು ಲೆಕ್ಕದಲ್ಲಿ ತೋರಿಸಿದ ಮೇಲೆ ಅತಿ ಸಣ್ಣ ಸರಿತದ ಬಿಗಿತ ಒಳ್ಳೆಯ ಮಾದರಿಗಳ ಭಾಗವಾಯಿತು.

ಭೂಕಂಪದ ಲೆಕ್ಕ ಬೇರೆಯದೇ ಕವಲು. 1964ರಲ್ಲಿ ಜಪಾನಿನ ನಿಗಾಟದಲ್ಲಿ ನೀರು ತುಂಬಿದ ಮರಳು ಅಲುಗಿ ದ್ರವದಂತಾಗಿ, ಮುರಿಯದೆ ಇಡಿಯಾಗಿಯೇ ವಾಲಿ ಬಿದ್ದ ಮನೆಗಳ ಚಿತ್ರ ಆ ಪೀಳಿಗೆಯ ಕಣ್ಣಲ್ಲಿ ಉಳಿಯಿತು. 1972ರಲ್ಲಿ ಬರ್ಕ್ಲಿಯಿಂದ ಬಂದ ‘ಶೇಕ್’ ಎಂಬ ಪ್ರೋಗ್ರಾಂ, ಕೆಳಗಿನ ಬಂಡೆಯಿಂದ ಹೊರಟ ಕಂಪನ ಮಣ್ಣಿನ ಪದರಗಳನ್ನು ದಾಟಿ ಮೇಲೆ ಬರುವಾಗ ಎಷ್ಟು ಹಿಗ್ಗುತ್ತದೆಂದು ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ಜಿ. ಸೀತಾರಾಂ ಮತ್ತು ಪಿ. ಅನ್ಬಳಗನ್ 2000ರ ದಶಕದಲ್ಲಿ ನೂರಾರು ಬೋರ್‌ಹೋಲುಗಳ ಮಾಹಿತಿ ಕೂಡಿಸಿ ಈ ಬಗೆಯ ಲೆಕ್ಕವನ್ನೇ ನಗರಕ್ಕೆ ಮಾಡಿದರು. ಗಟ್ಟಿ ಬಂಡೆಯ ಮೇಲೆ ಕೂತ ಊರಿಗೆ ಇದೇಕೆ ಎಂದು ಕೇಳುವವರಿಗೆ ಉತ್ತರ ಕೆರೆಗಳಲ್ಲಿದೆ. ಧರ್ಮಾಂಬುಧಿ ಕೆರೆಯ ಅಂಗಳ ಬಸ್ ನಿಲ್ದಾಣವಾಗಿದೆ, ಸಂಪಂಗಿ ಕೆರೆ ಕ್ರೀಡಾಂಗಣವಾಗಿದೆ. ಇಂಥ ತುಂಬಿದ ತಗ್ಗುಗಳ ಹೂಳು, ಪಕ್ಕದ ದಿಣ್ಣೆಯ ನೆಲ ಕುಣಿದಂತೆ ಕುಣಿಯುವುದಿಲ್ಲ.

ಮೇಲಿನ ಮಾದರಿಗಳೆಲ್ಲ ಮಣ್ಣನ್ನು ಅಖಂಡ ವಸ್ತುವೆಂದು ಕಾಣುತ್ತವೆ. ಪೀಟರ್ ಕಂಡಾಲ್ ಮತ್ತು ಒಟ್ಟೊ ಸ್ಟ್ರ್ಯಾಕ್ 1979ರಲ್ಲಿ ಕಣಗಳಿಂದಲೇ ಹೊರಟರು: ರಾಗಿಯ ರಾಶಿಯಂತೆ ಪ್ರತಿ ಕಣವೂ ಬೇರೆ, ತಾಗಿದ ಕಡೆ ಒತ್ತುತ್ತದೆ, ಜಾರುತ್ತದೆ, ಮಿಕ್ಕದ್ದಕ್ಕೆ ನ್ಯೂಟನ್ನನ ನಿಯಮ ಸಾಕು. ಮಣ್ಣಿನ ನಿಯಮವನ್ನು ಮೊದಲೇ ಬರೆಯಬೇಕಿಲ್ಲ, ಅದು ಕಣಗಳ ನಡುವಿನಿಂದ ತಾನೇ ಮೂಡುತ್ತದೆ. ಅಡ್ಡಿ ಎಣಿಕೆಯದು. 0.2 ಮಿಲಿಮೀಟರಿನ ಮರಳಾದರೆ ಒಂದು ಘನ ಸೆಂಟಿಮೀಟರಿನಲ್ಲಿ ಲಕ್ಷಕ್ಕೂ ಹೆಚ್ಚು ಕಣಗಳು. ಹೀಗಾಗಿ ಈ ವಿಧಾನ ಇಡೀ ಅಣೆಕಟ್ಟೆಯನ್ನು ಕಾಣುವುದಕ್ಕಿಂತ ಮರಳು ಏಕೆ ಹಾಗೆ ವರ್ತಿಸುತ್ತದೆ ಎಂದು ತಿಳಿಯಲು ಹೆಚ್ಚು ನೆರವಾಗಿದೆ.

ಉಳಿದದ್ದು ಗಾಳಿಯ ಪಾಲು. ಟೆರ್ಜಾಗಿಯ ಸೂತ್ರ ರಂಧ್ರಗಳು ನೀರಿನಿಂದ ಪೂರ್ತಿ ತುಂಬಿದ ಮಣ್ಣಿನದು. ಬಿಸಿಲ ನಾಡಿನ ಮೇಲ್ಮಣ್ಣು ಬಹುಕಾಲ ಅರೆ ಒಣಗಿಯೇ ಇರುತ್ತದೆ. ಅದರ ಸಣ್ಣ ರಂಧ್ರಗಳ ನೀರು ಕಣಗಳನ್ನು ಒಳಕ್ಕೆ ಎಳೆದು ಹಿಡಿದಿರುತ್ತದೆ. ಬಾರ್ಸಿಲೋನಾದ ಅಲೊನ್ಸೊ, ಜೆನ್ಸ್, ಹೋಸಾ 1990ರಲ್ಲಿ ಕ್ಯಾಮ್ ಕ್ಲೇ ದೀರ್ಘವೃತ್ತಕ್ಕೆ ಈ ಎಳೆತವನ್ನೂ ಸೇರಿಸಿ ಮಾದರಿ ಕಟ್ಟಿದರು; ನೆನೆದು ಉಬ್ಬುವ ಮಣ್ಣಿಗೆ ಅದನ್ನು ಅದೇ ದಶಕದಲ್ಲಿ ಮುಂದೆ ಬೆಳೆಸಿದರು. ಧಾರವಾಡ, ಗದಗ, ವಿಜಯಪುರದ ಎರೆ ಭೂಮಿಯನ್ನು ಬಲ್ಲವರಿಗೆ ಇದು ಎಂಥ ಮಣ್ಣೆಂದು ವಿವರಿಸಬೇಕಿಲ್ಲ: ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಗೋಡೆ ಸೀಳುವ ಬಲ. ಇಲ್ಲಿ ಲೆಕ್ಕಕ್ಕಿಂತ ಮೊದಲು ಬಂದದ್ದು ಪ್ರಯೋಗ. ಮುಂಬಯಿ ಐಐಟಿಯ ಆರ್. ಕೆ. ಕಟ್ಟಿ 1970ರ ದಶಕದಲ್ಲಿ, ಎರೆಮಣ್ಣಿನ ಮೇಲೆ ಅಂಟುಗುಣವಿದ್ದೂ ಉಬ್ಬದ ಮಣ್ಣಿನ ಪದರವನ್ನು ಹಾಕಿ ಅದುಮಿದರೆ ಉಬ್ಬು ತಡೆಯುತ್ತದೆಂದು ದೊಡ್ಡ ಅಳತೆಯ ಪರೀಕ್ಷೆಗಳಲ್ಲಿ ತೋರಿಸಿದರು. ಮಲಪ್ರಭಾ ಕಾಲುವೆಯಲ್ಲಿ ಅದನ್ನು ಬಳಸಿದರು; ಮುಂದೆ ಇಂಥ ಮಣ್ಣಿನಲ್ಲಿ ಕಾಲುವೆಗೆ ಒಳಹೊದಿಕೆ ಹಾಕುವ ಭಾರತೀಯ ಮಾನಕಕ್ಕೂ ಅದು ಸೇರಿತು. ಪದರದ ದಪ್ಪ ಎಷ್ಟೆಂಬುದು ಮಣ್ಣಿನ ಉಬ್ಬುವ ಒತ್ತಡವನ್ನು ಅಳೆದ ಮೇಲೆ ತೀರ್ಮಾನವಾಗುತ್ತದೆ. ಬಾರ್ಸಿಲೋನಾ ಮಾದರಿಗೆ ಬೇಕಾದ ಅಂಕಿಗಳನ್ನು ಎರೆಮಣ್ಣಿಗೆ ತೆಗೆಯಲು ಎಳೆತವನ್ನು ಹಿಡಿತದಲ್ಲಿಟ್ಟು ನಡೆಸುವ ಪರೀಕ್ಷೆಗಳು ಬೇಕು. ಜೇಡಿಮಣ್ಣಿನಲ್ಲಿ ನೀರು ಅಷ್ಟು ನಿಧಾನವಾಗಿ ಚಲಿಸುವುದರಿಂದ ಅಂಥ ಒಂದೊಂದು ಪರೀಕ್ಷೆಗೂ ವಾರಗಟ್ಟಲೆ, ಕೆಲವಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.